ಬಂದರಿನ ಬಾಗಿಲಲ್ಲಿ ಹೇಳಬೇಕಾದ ಸತ್ಯ

(ಹಜ್ಜ್ ಮತ್ತು ಉಮ್ರಾ ಯಾತ್ರಿಕರು ಹಾಗೂ ಗಲ್ಫ್ ಉದ್ಯೋಗಿಗಳ ಕುಟುಂಬಗಳಿಗಾಗಿ ಕರಾವಳಿಯ ಪಟ್ಟಣವೊಂದರಲ್ಲಿ ಏರ್ಪಡಿಸಲಾಗಿದ್ದ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿ ಒಂದಾದರೂ ಪಾಸ್‌ಪೋರ್ಟ್ ಇಲ್ಲದ ಮನೆ ಯಾವುದೆಂದು ಕೇಳಿದರೆ ಕೈಯೆತ್ತುವವರು ವಿರಳ. ಮಗ ದುಬೈಯಲ್ಲಿ, ಅಳಿಯ ದಮ್ಮಾಮಿನಲ್ಲಿ, ತಮ್ಮ ಹಡಗಿನ ಕೆಲಸದಲ್ಲಿ, ತಂದೆ ತಾಯಿ ಉಮ್ರಾ ಮುಗಿಸಿ ಮೊನ್ನೆಯಷ್ಟೇ ಮರಳಿದವರು. ನಮ್ಮ ಊರುಗಳ ಬದುಕು ವಿಮಾನ ನಿಲ್ದಾಣ ಮತ್ತು ಬಂದರುಗಳ ಬಾಗಿಲಿಗೆ ಅಂಟಿಕೊಂಡಿದೆ. ಆ ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡುವವರನ್ನು ನಾವು ಬಲ್ಲೆವು, ಸುಂಕದವರನ್ನು ಇನ್ನೂ ಚೆನ್ನಾಗಿ ಬಲ್ಲೆವು. ಆದರೆ ಅವರಿಗಿಂತ ಮೊದಲು ಒಂದು ಮೇಜು ಇರುತ್ತದೆ. ಅದರ ಹಿಂದೆ ಕುಳಿತವರು ಆರೋಗ್ಯ ಇಲಾಖೆಯವರು. ನಮ್ಮಲ್ಲಿ ಹೆಚ್ಚಿನವರು ಆ ಮೇಜನ್ನು ಗಮನಿಸುವುದೇ ಇಲ್ಲ. ಗಮನಿಸಿದವರು ಆದಷ್ಟು ಬೇಗ ಅದನ್ನು ದಾಟಿ ಹೋಗಲು ಬಯಸುತ್ತಾರೆ.

ಹೇಗೆ ದಾಟುತ್ತಾರೆ? ಇದನ್ನು ಮುಚ್ಚಿಡದೆ ಹೇಳಬೇಕಾಗಿದೆ. ವಿಮಾನ ಇಳಿಯುವ ಒಂದು ಗಂಟೆ ಮೊದಲು ಜ್ವರದ ಮಾತ್ರೆ ನುಂಗಿ ದಾಟುವವರಿದ್ದಾರೆ. ಕೆಮ್ಮನ್ನು ತಡೆಹಿಡಿದು ದಾಟುವವರಿದ್ದಾರೆ. ಲಸಿಕೆಯ ಸೂಜಿ ಮೈಗೆ ತಾಗದೆಯೇ ಲಸಿಕೆಯ ಚೀಟಿ ಹಿಡಿದು ದಾಟುವವರೂ ಇದ್ದಾರೆ. ಐದು ಹೊತ್ತು ನಮಾಝ್ ಮಾಡುವ, ವ್ಯಾಪಾರದಲ್ಲಿ ಒಂದು ರೂಪಾಯಿಯ ಮೋಸಕ್ಕೂ ಅಂಜುವ ವ್ಯಕ್ತಿ ಆ ಮೇಜಿನ ಮುಂದೆ ಸಲೀಸಾಗಿ ಸುಳ್ಳು ಹೇಳುತ್ತಾನೆ. ಹಾಗೆ ಹೇಳಿದ ಮೇಲೆ ಅವನ ಮನಸ್ಸು ಚುಚ್ಚುವುದೂ ಇಲ್ಲ. ಯಾಕೆ? ಇಂದು ನಾವು ನಿಮ್ಮ ಮುಂದಿಡಬಯಸುವ ಪ್ರಶ್ನೆ ಇದುವೇ. ಇದಕ್ಕೆ ಉತ್ತರ ಹುಡುಕಲು ಒಂದೂವರೆ ಶತಮಾನದಷ್ಟು ಹಿಂದಕ್ಕೆ, ನಮ್ಮ ಹಿರಿಯರು ಹಡಗೇರಿ ಹಜ್ಜ್‌ಗೆ ಹೋಗುತ್ತಿದ್ದ ಕಾಲಕ್ಕೆ ಹೋಗಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಿಕೊಳ್ಳೋಣ. ಕ್ವಾರಂಟೈನ್ ಎಂಬುದು ಇತ್ತೀಚೆಗೆ ಸರಕಾರಗಳು ನಮ್ಮ ಮೇಲೆ ಹೇರಿದ ಉಪದ್ರವವೆಂದು ಭಾವಿಸಿದವರಿದ್ದಾರೆ. ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿ ರಗೂಸಾ ಎಂಬ ವ್ಯಾಪಾರಿ ನಗರವಿತ್ತು, ಇಂದಿನ ಡುಬ್ರೋವ್‌ನಿಕ್. ಪ್ಲೇಗ್ ಇರುವ ಊರುಗಳಿಂದ ಬಂದವರು ನಗರ ಪ್ರವೇಶಿಸುವ ಮೊದಲು 30 ದಿನ ಹೊರಗೆ ಕಾಯಬೇಕೆಂದು ಅದು 1377ರಲ್ಲಿಯೇ ಕಾನೂನು ಮಾಡಿತ್ತು. ಮುಂದೆ ಈ ಅವಧಿ 40 ದಿನವಾಯಿತು. ವೆನಿಸ್‌ನವರ ಭಾಷೆಯಲ್ಲಿ ನಲವತ್ತು ಎಂಬರ್ಥದ ಪದದಿಂದಲೇ ಕ್ವಾರಂಟೈನ್ ಎಂಬ ಹೆಸರು ಹುಟ್ಟಿತು.

ಇದರ ಹಿಂದಿರುವ ತಿಳುವಳಿಕೆ ನಮಗಂತೂ ಹೊಸದಲ್ಲ. ಸಾಂಕ್ರಾಮಿಕ ಇರುವ ನಾಡಿಗೆ ಹೋಗಬೇಡಿ, ನೀವಿರುವ ನಾಡಿನಲ್ಲಿ ಅದು ಕಾಣಿಸಿಕೊಂಡರೆ ಅಲ್ಲಿಂದ ಓಡಿಹೋಗಬೇಡಿ ಎಂಬುದು ಪ್ರವಾದಿ(ಸ)ರ ಬೋಧನೆ. ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ, ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಸರ್ಗ್ ಎಂಬಲ್ಲಿ ತಲುಪಿತು. ಸಂಗಾತಿಗಳೊಂದಿಗೆ ಸಮಾಲೋಚಿಸಿ ಅವರು ಹಿಂದಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯತ್ತ ಸಾಗುತ್ತಿದ್ದೇವೆ ಎಂಬರ್ಥದಲ್ಲಿ ಉಮರ್(ರ) ಉತ್ತರಿಸಿದರು. ನಾವು ಮದ್ರಸದಲ್ಲಿ ಈ ಘಟನೆಯನ್ನು ವಿಧಿಯ ಕುರಿತಾದ ಪಾಠವಾಗಿ ಓದಿದೆವು. ಇದು ಗಡಿ ದಾಟುವ ರೋಗದ ಕುರಿತಾದ ಪಾಠವೂ ಹೌದೆಂದು ಅರಿವಾದದ್ದು ಬಹಳ ವರ್ಷಗಳ ಬಳಿಕ.

ಇನ್ನು ಹಜ್ಜ್‌ನ ಚರಿತ್ರೆಗೆ ಬರೋಣ. 1865ರ ಹಜ್ಜ್ ವೇಳೆ ಮಕ್ಕಾದಲ್ಲಿ ಕಾಲರಾ ಹರಡಿತು. ಮೃತಪಟ್ಟ ಯಾತ್ರಿಕರ ಸಂಖ್ಯೆ 15 ಸಾವಿರಕ್ಕೆ ಕಡಿಮೆಯಿರಲಿಲ್ಲವೆಂದು ಅಂದಾಜಿಸಲಾಗಿದೆ. ಅದುವರೆಗೆ ಯಾತ್ರಿಕರು ಹೆಚ್ಚಾಗಿ ಒಂಟೆಗಳ ಸಾಲಿನಲ್ಲಿ, ಹಾಯಿ ಹಡಗುಗಳಲ್ಲಿ ತಿಂಗಳುಗಟ್ಟಲೆ ಪ್ರಯಾಣಿಸುತ್ತಿದ್ದರು. ರೋಗಿಗಳು ದಾರಿಯಲ್ಲಿಯೇ ಗುಣಮುಖರಾಗುತ್ತಿದ್ದರು ಅಥವಾ ದಾರಿಯಲ್ಲಿಯೇ ಸಾಯುತ್ತಿದ್ದರು. ಉಗಿ ಹಡಗು ಮತ್ತು ರೈಲು ಬಂದಾಗ ಈ ಲೆಕ್ಕ ತಪ್ಪಿತು. ಆ ವರ್ಷದ ಮೇ ತಿಂಗಳಲ್ಲಿ ಜಿದ್ದಾದಿಂದ ಯಾತ್ರಿಕರನ್ನು ಹೊತ್ತ ಹಡಗುಗಳು ಸುಯೆಝ್ ತಲುಪತೊಡಗಿದವು. ಪ್ರಯಾಣದಲ್ಲಿ ಸತ್ತವರ ಶವಗಳನ್ನು ಸಮುದ್ರಕ್ಕೆ ಒಪ್ಪಿಸಿ ಬಂದಿದ್ದ ಒಂದು ಇಂಗ್ಲಿಷ್ ಹಡಗಿನ ಕಪ್ತಾನ, ತನ್ನಲ್ಲಿ ಸಾಂಕ್ರಾಮಿಕವಿಲ್ಲವೆಂದು ಬಂದರಿನ ಅಧಿಕಾರಿಗಳಿಗೆ ಹೇಳಿದನೆಂದು ದಾಖಲಾಗಿದೆ. ಯಾತ್ರಿಕರು ಇಳಿದು ರೈಲು ಹತ್ತಿದರು. ಒಂದೆರಡು ದಿನಗಳಲ್ಲಿ ಆ ಕಪ್ತಾನ ಮತ್ತು ಅವನ ಪತ್ನಿ ಇಬ್ಬರಿಗೂ ಕಾಲರಾ ಬಡಿಯಿತು. ಜೂನ್ ತಿಂಗಳಲ್ಲಿ ರೋಗ ಅಲೆಕ್ಸಾಂಡ್ರಿಯಾದಲ್ಲಿತ್ತು. ಅಲ್ಲಿಂದ ಮೆಡಿಟರೇನಿಯನ್ ಬಂದರುಗಳಿಗೆ, ಯುರೋಪಿಗೆ, ಮರುವರ್ಷ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೂ ಹೋಯಿತು.

ಇಲ್ಲಿ ಸುಳ್ಳು ಹೇಳಿದವನು ಯಾತ್ರಿಕನಲ್ಲ, ಹಡಗಿನ ಕಪ್ತಾನ ಎಂಬುದನ್ನು ಗಮನಿಸಬೇಕು. ಹಡಗನ್ನು ಬಂದರಿನಲ್ಲಿ ತಡೆಹಿಡಿದರೆ ಅವನಿಗೆ ನಷ್ಟವಿತ್ತು. ಆ ಒಂದು ನಷ್ಟವನ್ನು ತಪ್ಪಿಸಲು ಆಡಿದ ಮಾತಿನ ಬೆಲೆಯನ್ನು ಅವನನ್ನು ಎಂದೂ ಕಾಣದ ಊರುಗಳ ಜನರು ತೆತ್ತರು.

ಮರುವರ್ಷ, 1866ರಲ್ಲಿ, ಇಸ್ತಾಂಬುಲಿನಲ್ಲಿ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. ಇಂತಹ ಸಮ್ಮೇಳನಗಳು ಪ್ಯಾರಿಸಿನಲ್ಲಿ 1851ರಲ್ಲಿ ಆರಂಭವಾಗಿದ್ದವು. ಕಾಲರಾದ ತವರು ಭಾರತ, ಅದು ಯಾತ್ರಿಕರೊಂದಿಗೆ ಹಡಗೇರಿ ಬರುತ್ತದೆ ಎಂದು ಇಸ್ತಾಂಬುಲಿನಲ್ಲಿ ಸೇರಿದವರು ತೀರ್ಮಾನಿಸಿದರು. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ಈಜಿಪ್ಟ್ ಮತ್ತು ಕಲ್ಕತ್ತಾದಲ್ಲಿ ಗುರುತಿಸಿದ್ದು ಇನ್ನೂ 17-18 ವರ್ಷಗಳ ನಂತರ. ಕಾರಣ ತಿಳಿಯುವ ಮೊದಲೇ ಜಗತ್ತು ದಾರಿಯನ್ನು ಗುರುತಿಸಿತ್ತು, ಆ ದಾರಿಯಲ್ಲಿ ನಮ್ಮ ಹಾಜಿಗಳು ನಿಂತಿದ್ದರು.

ಅಲ್ಲಿಂದ ಹಾಜಿಗಳ ಪಾಲಿಗೆ ಇನ್ನೊಂದು ಅಧ್ಯಾಯ ತೆರೆಯಿತು. ಕೆಂಪು ಸಮುದ್ರದಲ್ಲಿ ಯಮನ್ ದಂಡೆಯ ಬಳಿ ಕಮರಾನ್ ಎಂಬ ದ್ವೀಪವಿದೆ. 1882ರಲ್ಲಿ ಉಸ್ಮಾನಿ ಸರಕಾರ ಅಲ್ಲಿ ಕ್ವಾರಂಟೈನ್ ಕೇಂದ್ರವನ್ನು ತೆರೆಯಿತು. ಭಾರತದಿಂದಲೂ ಜಾವಾದ ಕಡೆಯಿಂದಲೂ ಬರುವ ಹಡಗುಗಳು ಜಿದ್ದಾಕ್ಕೆ ಹೋಗುವ ಮೊದಲು ಅಲ್ಲಿ ನಿಲ್ಲಬೇಕಿತ್ತು. ಯಾತ್ರಿಕರನ್ನು ಗುಡಿಸಲುಗಳಲ್ಲಿ ಇರಿಸಲಾಗುತ್ತಿತ್ತು. ಅವರ ಬಟ್ಟೆಬರೆಗಳನ್ನು ಸೋಂಕು ನಿವಾರಣೆಗೆಂದು ಒಯ್ಯಲಾಗುತ್ತಿತ್ತು. ನೀರು, ಆಹಾರ, ವಸತಿ, ನಡತೆ ಎಲ್ಲದರ ಬಗ್ಗೆಯೂ ದೂರುಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನನ್ನು ತಡೆದು ಕೂಡಿಹಾಕಿದ್ದಕ್ಕೆ ಯಾತ್ರಿಕನೇ ಶುಲ್ಕ ಕೊಡಬೇಕಿತ್ತು. ಜೀವಮಾನವಿಡೀ ಕೂಡಿಟ್ಟ ಹಣದಲ್ಲಿ ಹಜ್ಜ್‌ಗೆ ಹೊರಟ ಬಡವನಿಗೆ ಅದು ಆರೋಗ್ಯ ಸೇವೆಯಾಗಿ ಕಾಣಲು ಸಾಧ್ಯವೇ?

ಇತ್ತ ಬ್ರಿಟಿಷ್ ಆಡಳಿತದ ಧೋರಣೆಯೂ ಶುದ್ಧವಾಗಿರಲಿಲ್ಲ. ಕ್ವಾರಂಟೈನ್‌ನಿಂದ ತನ್ನ ಹಡಗು ವ್ಯಾಪಾರಕ್ಕೆ ಧಕ್ಕೆಯೆಂಬ ಕಾರಣಕ್ಕೆ ಕಾಲರಾ ಮನುಷ್ಯರ ಮೂಲಕ ಸಾಗುತ್ತದೆಂಬುದನ್ನೇ ಒಪ್ಪಿಕೊಳ್ಳಲು ಅದು ದಶಕಗಳ ಕಾಲ ಹಿಂದೇಟು ಹಾಕಿತು. ಆದರೆ 1896ರಲ್ಲಿ ಮುಂಬೈಯ ಹಡಗುಕಟ್ಟೆಗಳ ಸಮೀಪದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು, ಯುರೋಪಿನ ದೇಶಗಳು ಭಾರತದ ವ್ಯಾಪಾರಕ್ಕೇ ಬಾಗಿಲು ಮುಚ್ಚುವ ಸೂಚನೆ ಸಿಕ್ಕಿದಾಗ ಧೋರಣೆ ಬದಲಾಯಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು, ಮುಂಬೈಯಿಂದ ಹಜ್ಜ್ ಹಡಗುಗಳನ್ನು ನಿಲ್ಲಿಸಲಾಯಿತು. ಮನೆಗಳಿಗೆ ನುಗ್ಗಿ ತಪಾಸಣೆ, ಸ್ತ್ರೀಯರ ಪರೀಕ್ಷೆ, ರೋಗಿಗಳನ್ನು ಎಳೆದೊಯ್ಯುವುದು ಇವೆಲ್ಲ ನಡೆದವು. ಜನರು ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು. ಓಡಿದವರೊಂದಿಗೆ ಪ್ಲೇಗ್ ಕೂಡಾ ಪ್ರಯಾಣಿಸಿತು. 1898ರಲ್ಲಿ ಅದು ಬೆಂಗಳೂರನ್ನು ತಲುಪಿತು. ಇಂದಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ನಂತರವೇ.

ಜಿದ್ದಾದಲ್ಲಿ ಇನ್ನೂ ಕಹಿಯಾದ ಘಟನೆ ನಡೆಯಿತು. ಡಾ. ಅಬ್ದುರ್ರಝಾಕ್ ಎಂಬ ಭಾರತೀಯ ಮುಸ್ಲಿಮ್ ವೈದ್ಯರು ಅಲ್ಲಿ ಬ್ರಿಟಿಷ್ ಉಪ ಕಾನ್ಸಲ್ ಆಗಿದ್ದರು. ಹಾಜಿಗಳೊಂದಿಗೆ ಪ್ರಯಾಣಿಸಿ ಅವರ ಆರೋಗ್ಯ ಮತ್ತು ಬವಣೆಗಳ ಬಗ್ಗೆ ವರ್ಷ ವರ್ಷವೂ ವರದಿ ಬರೆದವರು ಅವರು. 1895ರ ಮೇ ತಿಂಗಳಲ್ಲಿ ಜಿದ್ದಾ ನಗರದ ಹೊರಗೆ ವಿದೇಶಿ ಪ್ರತಿನಿಧಿಗಳ ಮೇಲೆ ನಡೆದ ದಾಳಿಯಲ್ಲಿ ಅವರ ಹತ್ಯೆಯಾಯಿತು. ಅದೇ ದಿನಗಳಲ್ಲಿ ಸೋಂಕು ನಿವಾರಕ ಯಂತ್ರಗಳ ಮೇಲೂ ಜನರ ಕೋಪ ತಿರುಗಿತ್ತು. ಹಾಜಿಗಳ ಜೀವ ಉಳಿಸುವ ಬಗ್ಗೆ ಚಿಂತಿಸಿದ ವೈದ್ಯರೊಬ್ಬರು ಹಾಜಿಗಳ ದಾರಿಯಲ್ಲಿಯೇ ಕೊಲೆಯಾದರು. ಆ ಕೊಲೆಯನ್ನು ಯಾವ ಕಾರಣವೂ ಸಮರ್ಥಿಸದು. ಆದರೆ ಜನರು ವೈದ್ಯನನ್ನೂ ಪೊಲೀಸನನ್ನೂ ಬೇರೆ ಬೇರೆಯಾಗಿ ಕಾಣದಂತಹ ಸ್ಥಿತಿ ಹೇಗೆ ಉಂಟಾಯಿತೆಂದು ಆಡಳಿತ ನಡೆಸುವವರು ಕೇಳಿಕೊಳ್ಳಲೇಬೇಕು.

ಸಹೋದರರೇ, ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಆ ಮೇಜಿನ ಎರಡೂ ಬದಿಯಲ್ಲಿ ಎರಡು ಅಮಾನತ್‌ಗಳಿವೆ. ಯಾತ್ರಿಕನ ಬಳಿ ಇರುವುದು ಸತ್ಯ. ಅಧಿಕಾರಿಯ ಬಳಿ ಇರುವುದು ಯಾತ್ರಿಕನ ಗೌರವ. ಒಂದು ಕಳೆದುಹೋದರೆ ಇನ್ನೊಂದೂ ಉಳಿಯುವುದಿಲ್ಲ. ಕಮರಾನ್‌ನಲ್ಲಿ ಅವಮಾನಿತನಾದವನು ಮರುಸಲ ಕಾಯಿಲೆಯನ್ನು ಮುಚ್ಚಿಡುತ್ತಾನೆ. ಸುಯೆಝ್‌ನಲ್ಲಿ ಮೋಸ ಹೋದವನು ಮುಂದಿನ ಹಡಗಿನಲ್ಲಿದ್ದ ಎಲ್ಲರನ್ನೂ ಸಂಶಯದಿಂದ ನೋಡುತ್ತಾನೆ.

ಇನ್ನು ಇಂದಿನ ಬಂದರು ಆರೋಗ್ಯ ಸೇವೆ ಏನು ಮಾಡುತ್ತದೆಂದು ನೋಡೋಣ. ಸ್ವತಂತ್ರ ಭಾರತವು 1954ರಲ್ಲಿ ವಿಮಾನಗಳಿಗೆ, 1955ರಲ್ಲಿ ಬಂದರುಗಳಿಗೆ ಪ್ರತ್ಯೇಕ ಆರೋಗ್ಯ ನಿಯಮಗಳನ್ನು ರೂಪಿಸಿತು. ಕೇಂದ್ರ ಆರೋಗ್ಯ ಇಲಾಖೆಯ ಈ ಸೇವೆ ಮುಂಬೈ, ಕೊಚ್ಚಿ, ಚೆನ್ನೈಗಳಂತೆ ನಮ್ಮ ನವಮಂಗಳೂರು ಬಂದರಿನಲ್ಲಿಯೂ ಇದೆ. ವಿದೇಶದಿಂದ ಬರುವ ಹಡಗು ಬಂದರಿಗೆ ಬರುವಾಗ ಕಪ್ತಾನನು ಲಿಖಿತ ಆರೋಗ್ಯ ಘೋಷಣೆ ಕೊಡಬೇಕು. ಯಾರಾದರೂ ಸತ್ತಿದ್ದಾರೆಯೇ, ಯಾರಿಗೆ ಜ್ವರವಿದೆ, ಯಾವ ಯಾವ ಬಂದರುಗಳಲ್ಲಿ ನಿಂತು ಬಂದಿರಿ ಎಂಬ ಪ್ರಶ್ನೆಗಳು ಅದರಲ್ಲಿರುತ್ತವೆ. ಹಡಗಿನ ಮೇಲೆ ಹಾರುವ ಹಳದಿ ಬಾವುಟವನ್ನು ರೋಗದ ಗುರುತೆಂದು ಹಲವರು ತಿಳಿದಿದ್ದಾರೆ. ಇಂದು ಅದರ ಅರ್ಥ ಬೇರೆ. ನನ್ನ ಹಡಗು ಆರೋಗ್ಯವಾಗಿದೆ, ಒಳಬರಲು ಅನುಮತಿ ಕೊಡಿ ಎಂಬ ಕೋರಿಕೆ ಅದು. ಆರು ತಿಂಗಳಿಗೊಮ್ಮೆ ಹಡಗು ನೈರ್ಮಲ್ಯ ಪ್ರಮಾಣಪತ್ರವನ್ನು ಹೊಸದಾಗಿ ಪಡೆಯಬೇಕು. ಅಡುಗೆಮನೆ, ಕುಡಿಯುವ ನೀರು, ಕಸ, ಇಲಿ ಎಲ್ಲವೂ ತಪಾಸಣೆಗೆ ಒಳಗಾಗುತ್ತವೆ. ದಡಕ್ಕೆ ಕಟ್ಟಿದ ಹಗ್ಗದ ಮೇಲೆ ಇಲಿಗಳು ನಡೆದು ಬಾರದಂತೆ ಅಗಲವಾದ ತಟ್ಟೆಗಳನ್ನು ಸಿಕ್ಕಿಸುತ್ತಾರೆ. ಪ್ಲೇಗ್ ಊರಿಗೆ ಬಂದ ಹಳೆಯ ದಾರಿಗಳಲ್ಲಿ ಅದೂ ಒಂದು. ಬಂದರು ಹಾಗೂ ವಿಮಾನ ನಿಲ್ದಾಣದ ಒಳಗೆ ಮತ್ತು ಸುತ್ತಲಿನ ಕನಿಷ್ಠ 400 ಮೀಟರ್ ದೂರದವರೆಗೆ ಸೊಳ್ಳೆ ಮತ್ತು ಇಲಿಗಳ ನಿಯಂತ್ರಣ ನಡೆಯಬೇಕೆಂಬುದು ಅಂತಾರಾಷ್ಟ್ರೀಯ ನಿಯಮ.

ಸೊಳ್ಳೆಗೆ ಇಷ್ಟು ಮಹತ್ವವೇಕೆ? ಹಳದಿ ಜ್ವರ ಎಂಬ ಕಾಯಿಲೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿದೆ. ಭಾರತದಲ್ಲಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಅಂಗಳದ ತೆಂಗಿನ ಚಿಪ್ಪಿನಲ್ಲಿಯೂ ಹೂಕುಂಡದ ತಟ್ಟೆಯಲ್ಲಿಯೂ ಇದೆ. ಡೆಂಗಿ ಹರಡುವ ಸೊಳ್ಳೆಯೇ ಅದು. ಹೊತ್ತು ತರುವ ಸೊಳ್ಳೆ ಸಿದ್ಧವಾಗಿದೆ, ರೋಗಾಣು ಮಾತ್ರ ಬಂದಿಲ್ಲ. ಬಾಗಿಲಲ್ಲಿ ಕಾಯುವವರು ಒಂದು ದಿನ ಮೈಮರೆತರೆ ಸಾಕು. ಆದುದರಿಂದಲೇ ಕೀನ್ಯಾ, ಉಗಾಂಡ, ನೈಜೀರಿಯಾದಂತಹ ದೇಶಗಳಿಂದ ಬರುವವರಲ್ಲಿ ಹಳದಿ ಜ್ವರದ ಲಸಿಕೆಯ ಪುಸ್ತಿಕೆ ಕೇಳಲಾಗುತ್ತದೆ. ಅದಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರೋಗಾಣು ದೇಹ ಹೊಕ್ಕ ಮೂರರಿಂದ ಆರು ದಿನಗಳಲ್ಲಿ ರೋಗ ಲಕ್ಷಣ ತೋರುವುದರಿಂದ ಈ ಲೆಕ್ಕ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ. 2016ರಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ. ಒಂದೇ ಒಂದು ಸಲ ಸೂಜಿ ಚುಚ್ಚಿಸಿಕೊಂಡರೆ ಸಾಕು.

ಇಷ್ಟು ಸರಳವಾದ ವಿಷಯದಲ್ಲಿ ನಾವು ಏನು ಮಾಡುತ್ತೇವೆ? ಆಫ್ರಿಕಾಕ್ಕೆ ಕೆಲಸಕ್ಕೆ ಹೊರಟ ನಮ್ಮ ಬಂಧುವೊಬ್ಬರಿಗೆ ಏಜೆಂಟನೊಬ್ಬ, ನೀವು ಅಷ್ಟು ದೂರ ಹೋಗಿ ಸರತಿಯಲ್ಲಿ ನಿಲ್ಲುವುದೇಕೆ, ಮೊಹರು ಒತ್ತಿದ ಪುಸ್ತಿಕೆಯನ್ನು ನಾನೇ ತರಿಸಿಕೊಡುತ್ತೇನೆ ಎಂದ. ಮನೆಯಲ್ಲಿ ಎಲ್ಲರಿಗೂ ಅದು ಉಪಕಾರವೆಂದೇ ಕಂಡಿತು. ನಮಗೂ ಆ ಹೊತ್ತಿನಲ್ಲಿ ಬಾಯಿ ತೆರೆಯಲಾಗಲಿಲ್ಲ. ಅದನ್ನು ತಡೆದದ್ದು ಮನೆಯ ಅಜ್ಜಿ. ಆ ಜ್ವರ ನಿನಗೆ ಬಂದರೆ ಕಾಗದ ಅದನ್ನು ವಾಸಿ ಮಾಡುತ್ತದೆಯೇ ಮಗನೇ ಎಂದು ಕೇಳಿದರು. ಅವರು ಹೋಗಿ ಲಸಿಕೆ ಹಾಕಿಸಿಕೊಂಡರು. ಅಕ್ಷರ ಬಾರದ ಅಜ್ಜಿಗೆ ಹೊಳೆದದ್ದು ಪದವಿ ಪಡೆದ ನಮಗೆ ಹೊಳೆಯದೇ ಹೋದದ್ದನ್ನು ಇಂದಿಗೂ ನೆನೆದು ನಾಚುತ್ತೇವೆ.

ಒಬ್ಬನ ಮೌನ ಏನು ಮಾಡಬಲ್ಲದೆಂಬುದಕ್ಕೆ ನೈಜೀರಿಯಾದ ಲಾಗೋಸ್ ನಗರ ಸಾಕ್ಷಿ. 2014ರ ಜುಲೈ 20ರಂದು ಲೈಬೀರಿಯಾದಿಂದ ವಿಮಾನದಲ್ಲಿ ಬಂದ ಅಧಿಕಾರಿಯೊಬ್ಬರು ನಿಲ್ದಾಣದಲ್ಲಿಯೇ ಕುಸಿದರು. ಎಬೋಲಾ ರೋಗಿಯ ಸಂಪರ್ಕಕ್ಕೆ ಬಂದಿದ್ದರೂ ಅದನ್ನು ಅಲ್ಲಗಳೆದರು. ಮಲೇರಿಯಾ ಎಂದು ಚಿಕಿತ್ಸೆ ಆರಂಭವಾಯಿತು. ಡಾ. ಸ್ಟೆಲ್ಲಾ ಅಡಡೆವೋ ಎಂಬ ಹಿರಿಯ ವೈದ್ಯೆಗೆ ಸಂಶಯ ಬಂತು. ರೋಗಿಯನ್ನು ಬಿಡುಗಡೆ ಮಾಡುವಂತೆ ಬಂದ ಒತ್ತಡಕ್ಕೆ ಅವರು ಮಣಿಯಲಿಲ್ಲ. ಎರಡು ಕೋಟಿಯಷ್ಟು ಜನರ ಆ ನಗರಕ್ಕೆ ರೋಗ ಹರಡದಂತೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಆ ವೈದ್ಯೆ ತಾವೇ ಸೋಂಕಿಗೆ ತುತ್ತಾಗಿ ಆಗಸ್ಟ್ 19ರಂದು ಮೃತಪಟ್ಟರು. ಸುಮಾರು 900 ಮಂದಿ ಸಂಪರ್ಕಿತರನ್ನು ಹುಡುಕಿ ನಿಗಾ ಇಡಲಾಯಿತು. ಒಟ್ಟು 20 ಮಂದಿಗೆ ರೋಗ ತಗಲಿತು, 8 ಮಂದಿ ಸತ್ತರು. ಅಕ್ಟೋಬರ್ 20ರಂದು ನೈಜೀರಿಯಾವನ್ನು ಎಬೋಲಾ ಮುಕ್ತವೆಂದು ಘೋಷಿಸಲಾಯಿತು. 1865ರ ಸುಯೆಝ್‌ನಲ್ಲಿಯೂ 2014ರ ಲಾಗೋಸ್‌ನಲ್ಲಿಯೂ ಕೇಳಿದ ಪ್ರಶ್ನೆ ಒಂದೇ ಆಗಿತ್ತು, ಕೊಟ್ಟ ಉತ್ತರವೂ ಒಂದೇ.

ಸತ್ಯ ಮತ್ತು ಸಹಕಾರ ಸೇರಿದರೆ ಏನಾಗುತ್ತದೆಂಬುದಕ್ಕೂ ಹಜ್ಜ್‌ನ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. 1987ರ ಹಜ್ಜ್‌ನಲ್ಲಿ ಮೆದುಳಿನ ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಹರಡಿತು. ಆ ಬಳಿಕ ಲಸಿಕೆ ಕಡ್ಡಾಯವಾಯಿತು. 2000 ಮತ್ತು 2001ರಲ್ಲಿ ಅದೇ ರೋಗದ ಬೇರೊಂದು ತಳಿ ಕಾಣಿಸಿಕೊಂಡು, ಮರಳಿದ ಹಾಜಿಗಳ ಮೂಲಕ ಹಲವು ದೇಶಗಳ ಮನೆಗಳನ್ನು ತಲುಪಿತು. 2002ರಿಂದ ನಾಲ್ಕು ತಳಿಗಳ ವಿರುದ್ಧವೂ ರಕ್ಷಣೆ ನೀಡುವ ಲಸಿಕೆಯನ್ನು ಸೌದಿ ಸರಕಾರ ಕಡ್ಡಾಯಗೊಳಿಸಿತು. ಅಂತಹ ದೊಡ್ಡ ಹರಡುವಿಕೆ ಹಜ್ಜ್‌ನಲ್ಲಿ ಮರುಕಳಿಸಲಿಲ್ಲ. ಹಜ್ಜ್ ಶಿಬಿರದಲ್ಲಿ ತೋಳಿಗೆ ಚುಚ್ಚುವ ಸೂಜಿಯ ಹಿಂದೆ ಇಷ್ಟು ಚರಿತ್ರೆಯಿದೆ. ಅದೇ ಶಿಬಿರದಲ್ಲಿ ಬಾಯಿಗೆ ಬೀಳುವ ಪೋಲಿಯೊ ಹನಿಯ ಹಿಂದೆಯೂ ಇದೆ. ನಮ್ಮ ದೇಶದಲ್ಲಿ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ. ಅದು ಹಾಗೆಯೇ ಉಳಿಯಬೇಕಾದರೆ ಲಕ್ಷಾಂತರ ಜನರು ಸೇರುವ ಜಾಗದಿಂದ ಯಾರೂ ಅದನ್ನು ಹೊತ್ತು ತರಬಾರದು.

ಇನ್ನು 2020ರ ಮಾತು. ಅದನ್ನು ಹೇಳದೆ ಈ ಭಾಷಣ ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವೆಂದು ದಾಖಲಾದದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಅವರು ಸೌದಿ ಅರೇಬಿಯಾದಿಂದ ಹೈದರಾಬಾದ್ ಮೂಲಕ ಮರಳಿದ್ದರು. ನಿಲ್ದಾಣದ ತಪಾಸಣೆಯಲ್ಲಿ ರೋಗ ಲಕ್ಷಣವಿರಲಿಲ್ಲ. ಅವರಲ್ಲಿ ತಪ್ಪೇನೂ ಇರಲಿಲ್ಲ. ಜ್ವರ ಅಳೆಯುವ ಯಂತ್ರಕ್ಕೆ ಆ ದಿನದ ಜ್ವರ ಮಾತ್ರ ಕಾಣುತ್ತದೆ, ನಾಳೆ ಬರುವ ಜ್ವರ ಕಾಣುವುದಿಲ್ಲ. ಯಂತ್ರ ಕಾಣದ್ದನ್ನು ಮನುಷ್ಯ ಹೇಳಬೇಕು. ಎಲ್ಲಿಂದ ಬಂದೆ, ಯಾರೊಂದಿಗಿದ್ದೆ, ಮನೆಗೆ ಬಂದ ನಂತರ ಏನಾಯಿತು ಎಂದು ಅವನೇ ಮುಂದೆ ಬಂದು ಹೇಳಬೇಕು.

ಆದರೆ ಅದೇ ತಿಂಗಳುಗಳಲ್ಲಿ ಸತ್ಯ ಹೇಳುವ ಧೈರ್ಯವನ್ನೇ ಕೊಲ್ಲುವ ಕೆಲಸ ನಮ್ಮ ದೇಶದಲ್ಲಿ ನಡೆಯಿತು. ದಿಲ್ಲಿಯ ತಬ್ಲೀಗ್ ಸಭೆಯ ನೆಪದಲ್ಲಿ ಒಂದು ಸಮುದಾಯಕ್ಕೇ ರೋಗದ ಹೆಸರಿಡಲಾಯಿತು. ಕೆಲವು ವಾಹಿನಿಗಳು ವೈರಾಣುವಿಗೆ ಧರ್ಮ ಹುಡುಕಿದವು. ತಳ್ಳುಗಾಡಿಯಲ್ಲಿ ತರಕಾರಿ ಮಾರುವವನ ಹೆಸರು ಕೇಳಲಾಯಿತು. ಆ ಸಭೆಗೆ ಬಂದಿದ್ದ ವಿದೇಶಿಯರ ವಿರುದ್ಧದ ಪ್ರಕರಣಗಳನ್ನು 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ರದ್ದುಗೊಳಿಸಿತು. ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬ ಅಭಿಪ್ರಾಯವನ್ನೂ ದಾಖಲಿಸಿತು. ಆದರೆ ತೀರ್ಪು ಬರುವ ಹೊತ್ತಿಗೆ ಗಾಯ ಆಗಿಹೋಗಿತ್ತು. ಕೆಮ್ಮು ಬಂದವನು ಆಸ್ಪತ್ರೆಗೆ ಹೋಗಲು ಹೆದರಿದ. ಸಭೆ ಸೇರುವುದರಲ್ಲಿ ಅಜಾಗರೂಕತೆ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅಜಾಗರೂಕತೆಯನ್ನು ಅಜಾಗರೂಕತೆಯೆಂದೇ ಕರೆಯಬೇಕು. ಅದನ್ನು ಪಿತೂರಿಯೆಂದು ಕರೆದವರು ದ್ವೇಷವನ್ನು ಹರಡಿದರು, ರೋಗ ಅಡಗಿಕೊಳ್ಳಲು ಜಾಗವನ್ನೂ ಒದಗಿಸಿದರು.

ಕಮರಾನ್‌ನ ಶುಲ್ಕದ ಕಥೆಯೂ ಬೇರೆ ರೂಪದಲ್ಲಿ ಮರಳಿತು. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಾಗ ಅದರಲ್ಲಿ ಗರ್ಭಿಣಿಯರಿದ್ದರು, ಕೆಲಸ ಕಳೆದುಕೊಂಡವರಿದ್ದರು. ಅದೇ ತಿಂಗಳ ಕೇಂದ್ರ ಮಾರ್ಗಸೂಚಿಯು ವಿದೇಶದಿಂದ ಮರಳುವವರು ಏಳು ದಿನ ಸ್ವಂತ ಖರ್ಚಿನಲ್ಲಿ ಸಾಂಸ್ಥಿಕ ಕ್ವಾರಂಟೈನ್‌ನಲ್ಲಿರಬೇಕೆಂದು ಹೇಳಿತು. ಸಂಬಳವಿಲ್ಲದೆ ಬಂದವನಿಗೆ ಹೋಟೆಲಿನ ಬಿಲ್ಲು!

ಹಾಗಾದರೆ ನಿಯಮ ಏನು ಹೇಳುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2005ರಲ್ಲಿ ಅಂಗೀಕಾರವಾಗಿ 2007ರ ಜೂನ್ 15ರಂದು ಜಾರಿಗೆ ಬಂದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ ಭಾರತವೂ ಬದ್ಧವಾಗಿದೆ. ಅದರ 32ನೇ ವಿಧಿಯ ಪ್ರಕಾರ ಯಾತ್ರಿಕರನ್ನು ಅವರ ಘನತೆ ಮತ್ತು ಮಾನವ ಹಕ್ಕುಗಳನ್ನು ಗೌರವಿಸಿ ನಡೆಸಿಕೊಳ್ಳಬೇಕು, ಅವರ ಲಿಂಗ, ಸಂಸ್ಕೃತಿ, ಧರ್ಮಗಳನ್ನು ಪರಿಗಣಿಸಬೇಕು, ತಡೆದಿಟ್ಟವರಿಗೆ ಆಹಾರ, ನೀರು, ವಸತಿ ಒದಗಿಸಬೇಕು. 23ನೇ ವಿಧಿಯು ಪರೀಕ್ಷೆಗೆ ಮುನ್ನ ಒಪ್ಪಿಗೆ ಪಡೆಯುವುದನ್ನು ಸಾಮಾನ್ಯ ನಿಯಮವನ್ನಾಗಿಸಿದೆ. ಸಾರ್ವಜನಿಕ ಆರೋಗ್ಯಕ್ಕಾಗಿ ಯಾತ್ರಿಕನನ್ನು ಪ್ರತ್ಯೇಕವಾಗಿ ಇರಿಸಿದರೆ ಅದಕ್ಕೆ ಅವನಿಂದ ಶುಲ್ಕ ಪಡೆಯಬಾರದೆಂಬುದು 40ನೇ ವಿಧಿಯ ಆಶಯ. ಕಮರಾನ್‌ನಲ್ಲಿ ನೊಂದ ನಮ್ಮ ಹಿರಿಯರು ಇದನ್ನು ಓದಿದ್ದರೆ ಏನೆನ್ನುತ್ತಿದ್ದರೋ! ಅವರಿಗೆ ಸಿಗದ ಹಕ್ಕು ನಮಗೆ ಕಾಗದದಲ್ಲಿ ಸಿಕ್ಕಿದೆ. ಅದನ್ನು ಮೇಜಿನ ಬಳಿಗೂ ತರುವುದು ನಮ್ಮ ಜನಪ್ರತಿನಿಧಿಗಳ ಮತ್ತು ನಮ್ಮ ಸಂಘಟನೆಗಳ ಕೆಲಸ. ತಪಾಸಣೆಯ ಸ್ಥಳದಲ್ಲಿ ಮಹಿಳಾ ಸಿಬ್ಬಂದಿ ಇರಲಿ. ಸೂಚನೆಗಳು ಇಂಗ್ಲಿಷ್‌ನ ಜೊತೆ ಕನ್ನಡದಲ್ಲಿ, ಉರ್ದುವಿನಲ್ಲಿ ಇರಲಿ, ಬ್ಯಾರಿ ಮಾತನಾಡುವ ಅಜ್ಜಿಗೆ ವಿವರಿಸಿ ಹೇಳುವವರೊಬ್ಬರು ಇರಲಿ. ಸೋಂಕಿತರ ಹೆಸರು ಮತ್ತು ಊರನ್ನು ಬಯಲು ಮಾಡುವವರ ಮೇಲೆ ಕ್ರಮವಾಗಲಿ. ಹೀಗೆ ಕೇಳುವ ಹಕ್ಕು ನಮಗಿದೆ.

ಆದರೆ ಹಕ್ಕು ಕೇಳುವವನ ಕೈ ಶುದ್ಧವಾಗಿರಬೇಕು. ಆದುದರಿಂದ ಕೊನೆಯ ಮಾತು ನಮ್ಮ ಮನೆಗಳಿಗೆ.

ಮೊದಲನೆಯದಾಗಿ, ಲಸಿಕೆಯ ಸುಳ್ಳು ಚೀಟಿಯನ್ನು ವ್ಯಾಪಾರದ ಕಳ್ಳ ತಕ್ಕಡಿಯಂತೆ ಕಾಣೋಣ. ಅದನ್ನು ಮಾರುವ ಏಜೆಂಟ್ ನಮ್ಮವನೇ ಆಗಿದ್ದರೂ ಜಮಾಅತ್ ಅವನನ್ನು ಕರೆದು ಎಚ್ಚರಿಸಲಿ. ಎರಡನೆಯದಾಗಿ, ಹೊರಡುವ ಮೊದಲು ಬೇಕಾದ ಲಸಿಕೆಗಳನ್ನು ಟಿಕೆಟಿನಷ್ಟೇ ಮುಂಚಿತವಾಗಿ ಹಾಕಿಸಿಕೊಳ್ಳೋಣ. ಮೂರನೆಯದಾಗಿ, ಸೌದಿಯಲ್ಲಿದ್ದಾಗ ಒಂಟೆಗಳ ಬಳಿ ಹೋಗುವುದನ್ನೂ ಹಸಿ ಒಂಟೆ ಹಾಲು ಕುಡಿಯುವುದನ್ನೂ ಬಿಡೋಣ. 2012ರಲ್ಲಿ ಅಲ್ಲಿ ಮೊದಲು ಪತ್ತೆಯಾದ ಮರ್ಸ್ ಎಂಬ ಶ್ವಾಸಕೋಶದ ಸೋಂಕಿಗೂ ಒಂಟೆಗೂ ಸಂಬಂಧವಿದೆ. ನಾಲ್ಕನೆಯದಾಗಿ, ಹಾಜಿಗಳು ಮರಳಿದ ದಿನವೇ ಊರಿಡೀ ಮನೆಗೆ ನುಗ್ಗಿ, ಅಪ್ಪಿಕೊಂಡು, ಒಂದೇ ಲೋಟದಲ್ಲಿ ಝಮ್ ಝಮ್ ಕುಡಿಯುವ ರೂಢಿಯನ್ನು ಸ್ವಲ್ಪ ತಿದ್ದೋಣ. ಹಾಜಿಗೆ ಕೆಮ್ಮು ಜ್ವರ ಇದ್ದರೆ ಭೇಟಿ ಒಂದು ವಾರ ತಡವಾಗಲಿ. ದುಆಕ್ಕೆ ಅದರಿಂದ ಕೊರತೆಯಾಗದು. ಮಗುವಿರುವ ಮನೆ, ಹಿರಿಯರಿರುವ ಮನೆ ಉಳಿಯುತ್ತದೆ. ಐದನೆಯದಾಗಿ, ಪ್ರಯಾಣ ಮುಗಿಸಿ ಬಂದ ಎರಡು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ನಾನು ಇಂತಹ ದೇಶದಿಂದ ಬಂದಿದ್ದೇನೆ ಎಂಬುದು. ಆಫ್ರಿಕಾದಿಂದ ಬಂದವರಾದರೆ, ಮಲೇರಿಯಾ ತಿಂಗಳುಗಳ ಬಳಿಕವೂ ತಲೆಯೆತ್ತಬಹುದಾದುದರಿಂದ, ಆಗಲೂ ಹೇಳಬೇಕು. ವೈದ್ಯರು ಕೇಳುವವರೆಗೆ ಕಾಯುವುದು ಬೇಡ.

1995ರವರೆಗೂ ಮುಂಬೈಯಿಂದ ಹಜ್ಜ್ ಹಡಗುಗಳು ಹೊರಡುತ್ತಿದ್ದವು. ಆ ಹಡಗಿನ ದಿನಗಳನ್ನು ಕಂಡ ಹಿರಿಯರು ಈ ಸಭೆಯಲ್ಲಿಯೂ ಇರಬಹುದು. ಅವರಿಗೆ ದಾರಿಯಲ್ಲಿ ವಾರಗಳಿದ್ದವು, ನಮಗೆ ಕೆಲವೇ ಗಂಟೆಗಳು. ರೋಗಕ್ಕೂ ಅಷ್ಟೇ ಸಮಯ ಸಾಕು. ಮುಂದಿನ ಸಲ ನಿಲ್ದಾಣದಲ್ಲಿ ಇಳಿದಾಗ ಆ ಮೇಜನ್ನು ಹುಡುಕಿ ನೋಡಿ. ಹಿಂದೆ ಕುಳಿತ ಆ ತರುಣ ಅಥವಾ ತರುಣಿ ಜ್ವರವಿದೆಯೇ ಎಂದು ಕೇಳಿದಾಗ, ಇದ್ದರೆ ಇದೆ ಎನ್ನಿ. ಒಂದು ದಿನ ತಡವಾಗಿ ಮನೆ ಸೇರುವಿರಿ. ಮನೆಯಲ್ಲಿರುವವರು ಸುರಕ್ಷಿತವಾಗಿ ನಿಮಗಾಗಿ ಕಾಯುತ್ತಿರುತ್ತಾರೆ.

ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಸುಗಮಗೊಳಿಸಲಿ, ಸತ್ಯ ನುಡಿಯುವ ಧೈರ್ಯವನ್ನು ದಯಪಾಲಿಸಲಿ. ವಸ್ಸಲಾಮ್.